ಬಿಟ್ಟ ಮಾರನೆಯ ದಿನ



ಕಳೆದ ಆಗಸ್ಟ್ 1ರಂದು ವ್ಯಸನಮುಕ್ತ ದಿನದ ಅಂಗವಾಗಿ ನಮ್ಮೂರ ಮಠದ ಅಂಗಳದಲ್ಲಿ ಪರದೆ ಕಟ್ಟಿ 'ಜೀವನ ಚೈತ್ರ' ಚಿತ್ರ ತೋರಿಸಿದೆವು. ಹುಡುಗರು ಹೊಸ ಚಿತ್ರ ಬೇಕೆಂದಿದ್ದರು. ಹಿರಿಯರು ಡಾ. ರಾಜ್‌ಕುಮಾರ್ ಅವರೇ ಆಗಬೇಕೆಂದು ಪಟ್ಟು ಹಿಡಿದರು. ಮಳೆ ಬರಲಿಲ್ಲ, ಜನ ಚೆನ್ನಾಗಿ ಸೇರಿದ್ದರು. ಚಿತ್ರ ಮುಗಿದು ಪ್ರಸಾದಕ್ಕೆ ಪಂಕ್ತಿ ಕೂರುವ ಹೊತ್ತಿಗೆ ಒಬ್ಬ ತಾಯಿ ನನ್ನ ಹತ್ತಿರ ಬಂದು ನಿಂತರು. "ಅಣ್ಣಾರ, ಸಿನಿಮಾ ಇಲ್ಲಿಗೆ ಮುಗೀತು. ನನ್ನ ಮಗ ಶುಕ್ರವಾರ ಆ ಸೆಂಟರಿನಿಂದ ಮನಿಗೆ ಬರ್ತಾನ್ರಿ. ಶನಿವಾರ ನಾವು ಏನ್ ಮಾಡಬೇಕ್ರಿ?" ಎಂದು ಕೇಳಿದರು.

ಮೂವತ್ತು ವರ್ಷಕ್ಕೂ ಮಿಗಿಲಾಗಿ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವನು ನಾನು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ಕಡತವನ್ನು ಕೆಳಗೆ ಕಳಿಸುವುದು ನಮ್ಮ ರೂಢಿ. ಆ ತಾಯಿಗೂ ಅಂಥದ್ದೇ ಏನೋ ಒಂದು ಮಾತು ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ.

ಮಗಳು ಬೆಂಗಳೂರಿನಿಂದ ಬಂದಾಗ ಟಿ.ವಿ.ಗೆ ಏನೇನೋ ಜೋಡಿಸಿ ಕೊಟ್ಟು ಹೋಗಿದ್ದಾಳೆ. ಅದರಲ್ಲಿ ಕುಡಿತದ ಬಗ್ಗೆ, ಮಾದಕ ವಸ್ತುಗಳ ಬಗ್ಗೆ, ಅದರಿಂದ ಹೊರಬಂದವರ ಬಗ್ಗೆ ಸಿಕ್ಕ ಚಿತ್ರಗಳನ್ನೆಲ್ಲ ಎರಡು ತಿಂಗಳು ಕೂತು ನೋಡಿದೆ. "ರಿಟೈರ್ ಆದ ಮ್ಯಾಲ ನಿಮಗ ಇದೊಂದು ಚಟ ಹತ್ತಿತು" ಎಂದು ಮನೆಯವರು ನಕ್ಕರು. ನಾನು ಹುಡುಕುತ್ತಿದ್ದದ್ದು ಆ ಶನಿವಾರವನ್ನು. ಬಹಳ ಚಿತ್ರಗಳಲ್ಲಿ ಅದು ಸಿಗಲೇ ಇಲ್ಲ.

'ಜೀವನ ಚೈತ್ರ'ದಿಂದಲೇ ಹೇಳುತ್ತೇನೆ. 1992ರ ಚಿತ್ರ ಅದು. ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿ, ದೊರೆ-ಭಗವಾನ್ ನಿರ್ದೇಶನ. ಊರು ಹಾಳುಮಾಡುವ ಸಾರಾಯಿಯ ವಿರುದ್ಧ ನಿಲ್ಲುವ ಜಮೀನ್ದಾರನ ಪಾತ್ರ ಅಣ್ಣಾವ್ರದು. ಆ ಕಾಲಕ್ಕೆ ಹಳ್ಳಿಹಳ್ಳಿಯ ಹೆಣ್ಣುಮಕ್ಕಳಿಗೆ ಸಾರಾಯಿ ಅಂಗಡಿಯ ಎದುರು ನಿಲ್ಲುವ ಧೈರ್ಯ ಕೊಟ್ಟ ಚಿತ್ರ. ಅದರ ಋಣವನ್ನು ನಾನು ಮರೆಯುವವನಲ್ಲ. ಆದರೆ ಅಲ್ಲಿ ಶತ್ರು ಅಂಗಡಿ. ಅಂಗಡಿ ಮುಚ್ಚಿದರೆ ಗೆದ್ದ ಹಾಗೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವೂ ಆಯಿತು. ಕುಡಿಯುವವನು ಏನು ಮಾಡಿದ ಎಂಬುದು ನಿಮಗೆಲ್ಲ ಗೊತ್ತಿದೆ. ಪ್ಯಾಕೆಟ್ಟು ಬಿಟ್ಟು ಕ್ವಾರ್ಟರ್ ಹಿಡಿದ. ಅಂಗಡಿಯ ಕಥೆ ಬೇರೆ, ಅಂಗಡಿಯಿಂದ ಮನೆಗೆ ತಿರುಗಿ ಬರುವ ಮನುಷ್ಯನ ಕಥೆ ಬೇರೆ.

ಉಳಿದಂತೆ ನಮ್ಮ ಚಿತ್ರಗಳಲ್ಲಿ ಕುಡುಕ ಎಂದರೆ ಒಂದೋ ಹಾಸ್ಯಗಾರ, ಇಲ್ಲವೇ ದೇವದಾಸ. ಶರತ್‌ಚಂದ್ರರ ದೇವದಾಸನನ್ನು 1955ರಲ್ಲಿ ಬಿಮಲ್ ರಾಯ್ ದಿಲೀಪ್ ಕುಮಾರರಿಂದ ಮಾಡಿಸಿದರು, 2002ರಲ್ಲಿ ಬನ್ಸಾಲಿ ಶಾರೂಖ್ ಖಾನರಿಂದ ಮಾಡಿಸಿದರು. ಇಬ್ಬರೂ ಪಾರ್ವತಿಯ ಬಾಗಿಲಲ್ಲಿ ಬಂದು ಸತ್ತರು. ಪ್ರೀತಿ ಎಷ್ಟು ದೊಡ್ಡದೆಂದು ಅಳೆಯಲು ಬಾಟಲಿಯನ್ನೇ ಅಳತೆಗೋಲು ಮಾಡಿಕೊಂಡ ಕಥೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಎಂದು ಬರುತ್ತದೆ, ಮೇಲೆ ನಾಯಕ ಬಾಟಲಿ ಎತ್ತಿದರೆ ಹಿಂದೆ ವಾದ್ಯ ಮೊಳಗುತ್ತದೆ. ನೋಡುವ ಹುಡುಗನ ಮನಸ್ಸಿಗೆ ಯಾವುದು ನಾಟುತ್ತದೆ ಎಂದು ಲೆಕ್ಕ ಹಾಕಲು ಇಂಜಿನಿಯರಿಂಗ್ ಓದಬೇಕಿಲ್ಲ.

ವ್ಯಸನದಿಂದ ಹೊರಬರುವುದನ್ನು ತೋರಿಸುವ ಚಿತ್ರಗಳಿಗೂ ಒಂದು ಚಾಳಿ ಇದೆ. 'ಸಂಜು' (2018) ನೋಡಿ. ಅಮೆರಿಕದ ಚಿಕಿತ್ಸಾ ಕೇಂದ್ರ, ಅಲ್ಲಿಂದ ತಪ್ಪಿಸಿಕೊಂಡು ಓಡುವುದು, ಗೆಳೆಯನ ಕಣ್ಣೀರು, ಕೊನೆಗೆ ಗೆಲುವು. ಗೆದ್ದ ಮೇಲೆ ಕಥೆ ಬಂದೂಕು, ಕೋರ್ಟು, ಜೈಲಿನ ಕಡೆ ತಿರುಗುತ್ತದೆ. ವ್ಯಸನದ ಅಧ್ಯಾಯಕ್ಕೆ ಬೀಗ ಬಿತ್ತು. 2021ರ ಮಲಯಾಳಂ ಚಿತ್ರ 'ವೆಳ್ಳಂ' ಇದಕ್ಕಿಂತ ಎಷ್ಟೋ ಪ್ರಾಮಾಣಿಕ. ಕುಡಿತದಲ್ಲಿ ಮುಳುಗಿ ಎದ್ದುಬಂದ ಕಣ್ಣೂರು ಕಡೆಯ ಒಬ್ಬರ ನಿಜಬದುಕನ್ನು ಆಧರಿಸಿದ ಚಿತ್ರ. ಜಯಸೂರ್ಯ ಆ ಪಾತ್ರದಲ್ಲಿ ಬದುಕಿದ್ದಾರೆ ಎನ್ನಬೇಕು. ಆದರೂ ಕೊನೆಯಲ್ಲಿ ಆತ ದೊಡ್ಡ ಉದ್ಯಮಿಯಾಗುತ್ತಾನೆ. ನಿಜಜೀವನದಲ್ಲೇ ಹಾಗಾಗಿದೆ, ಸಂತೋಷ. ಆದರೆ ನಮ್ಮ ಹಳ್ಳಿಯಲ್ಲಿ ಕುಡಿತ ಬಿಟ್ಟವನು ಉದ್ಯಮಿಯಾಗುವುದಿಲ್ಲ. ಸೊಸೈಟಿಯ ಸಾಲ ಹಾಗೇ ಇರುತ್ತದೆ, ಅಡವಿಟ್ಟ ಹೊಲ ಅಡವೇ ಇರುತ್ತದೆ. ಹಾಳಾದ ಹೆಸರೂ ಹಾಗೇ ಇರುತ್ತದೆ. ಅದೇ ಎರಡು ಎಕರೆ, ಅದೇ ಸಂಜೆ. ಅವನ ಗೆಲುವು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಆ ದಿನ ಏನೂ ಆಗಲಿಲ್ಲ ಎಂಬುದೇ ಅವನ ಗೆಲುವು.

ಇಲ್ಲಿ ಒಂದು ಮಾತನ್ನು ಎಚ್ಚರಿಕೆಗಾಗಿ ಹೇಳಿಬಿಡಬೇಕು. ನಾಯಕನನ್ನು ಮಂಚಕ್ಕೆ ಕಟ್ಟಿ ಹಾಕಿ, ಎರಡು ರಾತ್ರಿ ನಡುಗಿಸಿ, ಮೂರನೆಯ ಬೆಳಿಗ್ಗೆ ಸ್ನಾನ ಮಾಡಿಸಿ ಗೆಲ್ಲಿಸುವ ದೃಶ್ಯಗಳನ್ನು ನೋಡಿ ಮನೆಯಲ್ಲೂ ಹಾಗೆ ಮಾಡುವವರಿದ್ದಾರೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ದಿಕ್ಕುತಪ್ಪಿದಂತೆ ಬಡಬಡಿಸಬಹುದು. ಅದು ನಾಟಕವಲ್ಲ, ಪ್ರಾಣಕ್ಕೇ ಅಪಾಯ. ಆಸ್ಪತ್ರೆಗೆ ಒಯ್ಯಬೇಕು. ಹಾಗೆಯೇ 'ಅವನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಿ' ಎಂದು ಮಾರುವ ಪುಡಿ, ಮಾತ್ರೆಗಳು. ಡೈಸಲ್ಫಿರಾಮ್ ಎಂಬ ಔಷಧಿಯನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಗೊತ್ತಿಲ್ಲದೆ ಅದನ್ನು ಉಂಡು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ತಾಯಿ-ಹೆಂಡತಿಯರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ, ಖರ್ಚಿಲ್ಲ.

ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯೊಂದು 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಅಂದರೆ ಆ ತಾಯಿಯ ಮಗ ನೂರರಲ್ಲಿ ಒಬ್ಬನಿಗೂ ಸಿಗದ ಅವಕಾಶ ಪಡೆದು ಬಂದವನು. ಹಾಗೆ ಬಂದವನನ್ನು ಕೂಡ ನಾವು ಉಳಿಸಿಕೊಳ್ಳುತ್ತಿಲ್ಲ ಎಂಬುದು ನನ್ನ ಚಿಂತೆ.

ನನಗೆ ಆ ಶನಿವಾರ ಸಿಕ್ಕಿದ್ದು ಎರಡು ಪರದೇಶದ ಚಿತ್ರಗಳಲ್ಲಿ. ಒಂದು 1962ರ ಅಮೆರಿಕನ್ ಚಿತ್ರ, 'ಡೇಸ್ ಆಫ್ ವೈನ್ ಅಂಡ್ ರೋಸಸ್'. ಗಂಡ ಹೆಂಡತಿಗೆ ಕುಡಿತ ಕಲಿಸುತ್ತಾನೆ, ಇಬ್ಬರೂ ಮುಳುಗುತ್ತಾರೆ. ಹೆಂಡತಿಯ ತಂದೆಯ ಹೂಗಿಡಗಳ ನರ್ಸರಿಗೆ ಹೋಗಿ ಕೆಲವು ವಾರ ಕುಡಿಯದೆ ಮೈಮುರಿದು ದುಡಿಯುತ್ತಾರೆ. ಎಲ್ಲವೂ ಸರಿಹೋಯಿತು ಎನ್ನುವಾಗ ಒಂದು ರಾತ್ರಿ ಆತ ತಾನೇ ಗಿಡದ ಕುಂಡದಲ್ಲಿ ಮುಚ್ಚಿಟ್ಟಿದ್ದ ಬಾಟಲಿ ಸಿಗದೆ ಮಾವನ ಇಡೀ ಗಾಜಿನ ಮನೆಯನ್ನು ಧ್ವಂಸ ಮಾಡುತ್ತಾನೆ. ನಮ್ಮ ನಿರ್ದೇಶಕರಾಗಿದ್ದರೆ ಆ ದುಡಿಮೆಯ ದೃಶ್ಯದಲ್ಲೇ 'ಶುಭಂ' ಹಾಕುತ್ತಿದ್ದರು. ಕೊನೆಯಲ್ಲಿ ಆತ ಬಿಟ್ಟಿದ್ದಾನೆ, ಸಣ್ಣ ಮನೆಯಲ್ಲಿ ಮಗಳನ್ನು ಸಾಕುತ್ತಿದ್ದಾನೆ. ಹೆಂಡತಿಗೆ ಬಿಡಲು ಆಗಿಲ್ಲ. ಆಕೆ ಬಂದು ಹೋಗುತ್ತಾಳೆ. ಆತ ಕಿಟಕಿಯಲ್ಲಿ ನಿಂತು ನೋಡುತ್ತಾನೆ, ಆ ಗಾಜಿನ ಮೇಲೆ ಬೀದಿಯ ಬಾರಿನ ದೀಪ ಹತ್ತಿ ಆರುತ್ತಿರುತ್ತದೆ. ಅಷ್ಟೇ. ಅಂಗಡಿ ಮುಚ್ಚಿಲ್ಲ. ಆತ ಮಾತ್ರ ಇಳಿದು ಹೋಗಿಲ್ಲ.

ಇನ್ನೊಂದು ನಾರ್ವೆ ದೇಶದ 'ಓಸ್ಲೊ, ಆಗಸ್ಟ್ 31' (2011). ಚಿಕಿತ್ಸಾ ಕೇಂದ್ರದಲ್ಲಿರುವ ಮೂವತ್ತನಾಲ್ಕರ ಒಬ್ಬನಿಗೆ ಕೆಲಸದ ಸಂದರ್ಶನಕ್ಕೆಂದು ಒಂದು ದಿನ ಹೊರಗೆ ಬಿಡುತ್ತಾರೆ. ಬುದ್ಧಿವಂತ, ಚೆನ್ನಾಗಿ ಬರೆಯಬಲ್ಲವನು. ಸಂದರ್ಶನ ಸರಿಯಾಗಿಯೇ ನಡೆಯುತ್ತದೆ. ಎದುರಿಗಿರುವವನು ಸಹಜವಾಗಿ ಕೇಳುತ್ತಾನೆ: ಈ ಅರ್ಜಿಯಲ್ಲಿ ಇಷ್ಟು ವರ್ಷ ಖಾಲಿ ಇದೆಯಲ್ಲ, ಏನು ಮಾಡುತ್ತಿದ್ದಿರಿ? ಇವನು ನಿಜ ಹೇಳುತ್ತಾನೆ. ಹೇಳಿದ ಮೇಲೆ ತಾನೇ ತಡೆಯಲಾರದೆ ಅರ್ಜಿಯನ್ನು ಕಿತ್ತುಕೊಂಡು ಎದ್ದುಬರುತ್ತಾನೆ. ಆಮೇಲೆ ದಿನವಿಡೀ ಊರು ಸುತ್ತುತ್ತಾನೆ, ಹಳೆಯ ಗೆಳೆಯರು ಸಿಗುತ್ತಾರೆ, ಎಲ್ಲರೂ ಒಳ್ಳೆಯವರೇ, ಯಾರೂ ಬೈಯುವುದಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಆತ ಮತ್ತೆ ಸೂಜಿ ಚುಚ್ಚಿಕೊಂಡಿರುತ್ತಾನೆ.

ಆ ಸಂದರ್ಶನದ ದೃಶ್ಯ ನೋಡಿ ಟಿ.ವಿ. ಆರಿಸಿಬಿಟ್ಟೆ. ಉಳಿದದ್ದನ್ನು ಮರುದಿನ ನೋಡಿದೆ. ನನಗೆ ನನ್ನ ಜೀಪಿನ ಡ್ರೈವರ್ ನೆನಪಾಗಿದ್ದ.

ಇದನ್ನು ನಾನು ಇದುವರೆಗೆ ಎಲ್ಲೂ ಹೇಳಿಲ್ಲ. ಒಂದು ವಿಭಾಗದಲ್ಲಿ ಕಾರ್ಯಪಾಲಕ ಇಂಜಿನಿಯರ್ ಆಗಿದ್ದಾಗ ನನ್ನ ಕೈಕೆಳಗೆ ಒಬ್ಬ ಡ್ರೈವರ್ ಇದ್ದ. ಕಾಲುವೆ ದಂಡೆಯ ಮೇಲೆ ಕತ್ತಲಲ್ಲಿ ಅವನಂತೆ ಜೀಪು ಓಡಿಸುವವರನ್ನು ನಾನು ಕಂಡಿಲ್ಲ. ಕುಡಿತ ಮಿತಿಮೀರಿತು. ಮನೆಯವರು ಮೂರು ತಿಂಗಳು ಕೇಂದ್ರವೊಂದರಲ್ಲಿ ಇಟ್ಟರು. ತಿರುಗಿ ಬಂದ ದಿನ ತಲೆ ಬಾಚಿ, ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಚಹಾ ಕುಡಿಸಿ, ಬೆನ್ನು ತಟ್ಟಿದೆ. ಅವನು ಹೊರಗೆ ಹೋದ ಮೇಲೆ ಜೀಪಿನ ಕೀಲಿಯನ್ನು ನನ್ನ ಕುರ್ಚಿಯ ಹಿಂದಿನ ಮೊಳೆಗೆ ತೂಗುಹಾಕಿದೆ.

ಮೊದಲ ದಿನವೇ ಕೀಲಿ ಕೊಡದಿದ್ದದ್ದು ತಪ್ಪಲ್ಲ ಎಂದು ಈಗಲೂ ಹೇಳುತ್ತೇನೆ. ಜನರ ಜೀವದ ಪ್ರಶ್ನೆ. ಆದರೆ ಯಾವತ್ತು ಕೊಡುತ್ತೇನೆ, ಅದಕ್ಕೆ ಅವನು ಏನು ಮಾಡಿ ತೋರಿಸಬೇಕು ಎಂದು ನಾನು ಹೇಳಲಿಲ್ಲ. ಬೇರೆ ಕೆಲಸವನ್ನೂ ಕೊಡಲಿಲ್ಲ. ಟಪಾಲು ವಿಭಾಗದ ಹೊರಗಿನ ಬೆಂಚಿನ ಮೇಲೆ ಅವನು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಕೂತಿರುತ್ತಿದ್ದ. ಅವನು ಪಕ್ಕದಲ್ಲಿ ಹಾದುಹೋದರೆ ಗುಮಾಸ್ತರು ಮೂಗೆಳೆದು ವಾಸನೆ ನೋಡುತ್ತಿದ್ದರು. ಒಮ್ಮೆ ಮೇಜಿನ ಮೇಲಿಟ್ಟ ಇನ್ನೂರು ರೂಪಾಯಿ ಕಾಣಲಿಲ್ಲವೆಂದು ಎಲ್ಲರೂ ಅವನನ್ನೇ ನೋಡಿದರು. ಸಂಜೆಗೆ ರಿಜಿಸ್ಟರಿನ ಅಡಿಯಲ್ಲಿ ಸಿಕ್ಕಿತು. ಯಾರೂ ಏನೂ ಅನ್ನಲಿಲ್ಲ. ಆ ಮೂರು ತಿಂಗಳ ಗೈರುಹಾಜರಿಯನ್ನು ವೈದ್ಯಕೀಯ ರಜೆ ಎಂದು ಸಕ್ರಮಗೊಳಿಸಲು ನನ್ನ ಶಿಫಾರಸು ಬೇಕಿತ್ತು. ಕಡತ ನನ್ನ ಮೇಜಿಗೆ ಎರಡು ಸಲ ಬಂತು. ಎರಡು ಸಲವೂ 'ಪರಿಶೀಲಿಸಿ ಮಂಡಿಸಿ' ಎಂದು ಬರೆದೆ.

ಒಂದು ದಿನ ಅವನೇ ಹೇಳಿದ: "ಸಾಹೇಬ್ರ, ಕುಡೀತಿದ್ದಾಗ ಎಲ್ಲಾರೂ ಮಾತಾಡಸ್ತಿದ್ರು. ಬಿಟ್ಟ ಮ್ಯಾಲ ಒಬ್ಬರೂ ಮಾತಾಡಸವಲ್ರು."

ಆಯುಧಪೂಜೆಯ ದಿನ ಬೇರೆ ಡ್ರೈವರ್ ಜೀಪು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದ. ಇವನು ಬೆಂಚಿನ ಮೇಲೆ ಕೂತು ನೋಡಿದ. ಆ ರಾತ್ರಿ ಕುಡಿದ. ಆಮೇಲೆ ನಿಲ್ಲಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡ. ಕುಡಿದು ಸತ್ತ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ.

ನನ್ನ ವೃತ್ತಿಯ ಒಂದು ಸಂಗತಿ ಇಲ್ಲಿ ಹೇಳಬೇಕು. ಹೊಸ ಅಣೆಕಟ್ಟಿಗೆ ಹೆಚ್ಚು ಅಪಾಯ ಇರುವುದು ಮೊದಲ ಸಲ ನೀರು ತುಂಬಿಸುವಾಗ. ಕಟ್ಟುವಾಗ ಎಷ್ಟೇ ಪರೀಕ್ಷೆ ಮಾಡಿದ್ದರೂ ನೀರಿನ ಒತ್ತಡ ಬಿದ್ದಾಗಲೇ ಅದರ ಗುಣ ತಿಳಿಯುವುದು. ಅದಕ್ಕೇ ಒಮ್ಮೆಲೆ ತುಂಬಿಸುವುದಿಲ್ಲ. ಇಷ್ಟು ಅಡಿ ಎಂದು ಹಂತಹಂತವಾಗಿ ತುಂಬಿಸಿ, ನಿಲ್ಲಿಸಿ, ಬಸಿನೀರು ಎಷ್ಟು, ಕಲಕಿದೆಯೋ ತಿಳಿಯಾಗಿದೆಯೋ ಎಂದು ದಿನವೂ ಬರೆದಿಡುತ್ತೇವೆ. ರಾತ್ರಿ ಲಾಟೀನು ಹಿಡಿದು ದಂಡೆ ತಿರುಗುತ್ತೇವೆ. ಬಸಿನೀರು ಕಂಡರೆ ಅಣೆಕಟ್ಟು ಕೆಟ್ಟಿತೆಂದು ಯಾರೂ ಬಿಟ್ಟು ಓಡುವುದಿಲ್ಲ. ಎಲ್ಲಿಂದ ಬಂತೆಂದು ಹುಡುಕುತ್ತೇವೆ. ಚಿಕಿತ್ಸಾ ಕೇಂದ್ರದಲ್ಲಿ ನಡೆಯುವುದು ಕಟ್ಟುವ ಕೆಲಸ. ಅಲ್ಲಿ ಅಂಗಡಿಯಿಲ್ಲ, ಗೆಳೆಯರಿಲ್ಲ, ಸಾಲಗಾರರಿಲ್ಲ, ನೀರಿನ ಒತ್ತಡವೇ ಇಲ್ಲ. ಮನೆಗೆ ಬಂದ ದಿನದಿಂದ ಮೊದಲ ತುಂಬುವಿಕೆ. ಆ ದಿನವೇ ನಾವು 'ಮುಗಿಯಿತು' ಎಂದು ಎದ್ದು ಹೋಗುತ್ತೇವೆ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಜನ ಮತ್ತೆ ಜಾರುತ್ತಾರೆ ಎಂದು ಅಮೆರಿಕದ ಮಾದಕವ್ಯಸನ ಕುರಿತ ರಾಷ್ಟ್ರೀಯ ಸಂಸ್ಥೆ ಹೇಳುತ್ತದೆ. ಬಿ.ಪಿ., ಅಸ್ತಮಾ ಇದ್ದವರ ರೋಗ ಮರುಕಳಿಸುವ ಪ್ರಮಾಣವೂ ಇದಕ್ಕೆ ಹತ್ತಿರವೇ. ಬಿ.ಪಿ. ಏರಿದವನಿಗೆ 'ಮಾತಿಗೆ ತಪ್ಪಿದೆ' ಎಂದು ಯಾರೂ ಹೇಳುವುದಿಲ್ಲ.

ಚಿತ್ರಗಳನ್ನು ಬೈದು ಮುಗಿಸಿದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ನಮ್ಮ ಕಾರ್ಯಕ್ರಮಗಳೂ ಚಿತ್ರದ ಹಾಗೆಯೇ ಮುಗಿಯುತ್ತಿವೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಹೊರಟಾಗ ದವಸ ಬೇಡಲಿಲ್ಲ, ಹಣ ಬೇಡಲಿಲ್ಲ. ನಿಮ್ಮ ದುಶ್ಚಟವನ್ನು ಇದಕ್ಕೆ ಹಾಕಿ ಎಂದು ಬೇಡಿದರು. ಅವರ ಜನ್ಮದಿನವನ್ನೇ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಪೂಜ್ಯರು ಜನರಿದ್ದಲ್ಲಿಗೆ ಹೋಗಿ ಬೇಡಿದರು. ನಾವು ಜನರನ್ನು ವೇದಿಕೆಗೆ ಕರೆದು ಬೇಡುತ್ತಿದ್ದೇವೆ. ಗುಟಕಾ ಚೀಟಿ, ಬೀಡಿ ಕಟ್ಟು, ಬಾಟಲಿ ಜೋಳಿಗೆಗೆ ಬೀಳುತ್ತದೆ, ಚಪ್ಪಾಳೆ ಬೀಳುತ್ತದೆ, ಫೋಟೊ ತೆಗೆಯುತ್ತೇವೆ, ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಎಷ್ಟು ಜನ ಹಾಕಿದರು ಎಂಬ ಲೆಕ್ಕ ನಮ್ಮಲ್ಲಿದೆ. ಆರು ತಿಂಗಳಾದ ಮೇಲೆ ಅವರಲ್ಲಿ ಒಬ್ಬರ ಮನೆಗಾದರೂ ಹೋಗಿ ಬಂದ ಲೆಕ್ಕ ಇಲ್ಲ.

ಇನ್ನೂ ಕಷ್ಟದ ಮಾತೊಂದಿದೆ. ಗುರುಗಳ ಮುಂದೆ ಮಾತು ಕೊಟ್ಟವನು ಜಾರಿದರೆ ಅವನು ಮೊದಲು ಬಿಡುವುದು ಮಠವನ್ನು. ಮುಖ ತೋರಿಸಲು ನಾಚಿಕೆ. ಮಾಸಿಕ ಶಿವಾನುಭವಕ್ಕೆ ಬರುವುದಿಲ್ಲ, ಸ್ವಾಮಿಗಳು ಎದುರಾದರೆ ಓಣಿ ಬದಲಿಸುತ್ತಾನೆ. ಕೈಹಿಡಿಯಬೇಕಾದ ಜಾಗದಿಂದಲೇ ಅವನನ್ನು ನಮ್ಮ ಪ್ರಮಾಣವಚನ ಹೊರಗೆ ಹಾಕಿದಂತಾಯಿತು. ಜೋಳಿಗೆ ಹಿಡಿಯುವ ಪೂಜ್ಯರಲ್ಲಿ ನನ್ನ ವಿನಂತಿ ಇಷ್ಟೇ: ಮಾತು ತೆಗೆದುಕೊಳ್ಳುವಾಗಲೇ, ಎಲ್ಲರ ಎದುರೇ, 'ಜಾರಿದರೆ ಮರುದಿನ ಬೆಳಿಗ್ಗೆ ಮೊದಲು ನನ್ನ ಹತ್ತಿರ ಬಾ' ಎಂದು ಹೇಳಬೇಕು. ಜೊತೆಗೆ, ಚಟ ಬಿಟ್ಟವನ ಹೆಸರಿನ ಪಕ್ಕ ಸಂಜೆ ಅವನ ಜೊತೆ ಇರುವ ಇನ್ನೊಬ್ಬರ ಹೆಸರನ್ನೂ ಬರೆದುಕೊಳ್ಳಬೇಕು.

ನಮ್ಮ ಶರಣರಲ್ಲಿ ಹೆಂಡದ ಮಾರಯ್ಯ ಇದ್ದಾನೆ, ಕನ್ನ ಕೊರೆಯುತ್ತಿದ್ದ ಕನ್ನದ ಮಾರಿತಂದೆ ಇದ್ದಾನೆ. ಹೆಂಡವೂ ಕನ್ನವೂ ಅವರ ಹೆಸರಿನಲ್ಲೇ ಉಳಿದಿವೆ. ಯಾರೂ ಅಳಿಸಲಿಲ್ಲ, ಆ ಹೆಸರಿನಿಂದಲೇ ಅವರು ಶರಣರ ಸಾಲಿನಲ್ಲಿ ಕೂತರು. ನಾವಾದರೋ ಸೇವಾ ಪುಸ್ತಕದಲ್ಲಿ ಮೂರು ತಿಂಗಳು ಖಾಲಿ ಇದ್ದರೆ ಹೌಹಾರುತ್ತೇವೆ.

ಮನೆಯವರ ಬಗ್ಗೆ ಒಂದು ಮಾತು. ಚಿತ್ರಗಳಲ್ಲಿ ಹೆಂಡತಿ ಕಣ್ಣೊರೆಸಿಕೊಂಡು ನಗುತ್ತಾಳೆ, ಅಲ್ಲಿಗೆ ಕ್ಷಮೆ. ನಿಜವಾಗಿ ಹತ್ತು ವರ್ಷ ಪೆಟ್ಟು ತಿಂದವಳಿಗೆ ಬಾಗಿಲ ಸದ್ದಿಗೆ ಬೆಚ್ಚುವುದು ಒಂದು ದಿನದಲ್ಲಿ ನಿಲ್ಲುವುದಿಲ್ಲ. ಅವಳು ನಂಬದಿದ್ದರೆ ಅದು ಅವಳ ತಪ್ಪಲ್ಲ. 'ಗುರುಗಳೇ ಕ್ಷಮಿಸಿದರು, ನೀನೇನು' ಎಂದು ಅವಳ ಮೇಲೆ ಒತ್ತಡ ಹಾಕುವ ಕೆಲಸ ಹಿರಿಯರು ಮಾಡಬಾರದು.

ಆ ತಾಯಿಯ ಮಗನ ವಿಷಯ. ಅವನೂ ತಾಯಿಯೂ ಒಪ್ಪಿದ್ದರಿಂದ ಹೆಸರು ಹೇಳದೆ ಬರೆಯುತ್ತಿದ್ದೇನೆ. ಆ ಶನಿವಾರ ನಾನೇ ಅವರ ಮನೆಗೆ ಹೋದೆ, ಬರಿಗೈಯಲ್ಲಿ. ಮಾತಾಡುತ್ತ ತಿಳಿದದ್ದು: ಅವನಿಗೆ ಕಷ್ಟದ ಹೊತ್ತು ಸಂಜೆ ಆರರಿಂದ ಎಂಟು. ಮಠದ ವಾಚನಾಲಯ ಆ ಹೊತ್ತಿಗೆ ತೆರೆಯುವವರಿಲ್ಲದೆ ವರ್ಷದಿಂದ ಮುಚ್ಚಿತ್ತು. ಸ್ವಾಮಿಗಳನ್ನು ಕೇಳಿ ಅದರ ಕೀಲಿ ಅವನಿಗೆ ಕೊಡಿಸಿದೆವು. ದಿನಕ್ಕೊಬ್ಬರಂತೆ ನಾವು ಏಳು ಜನ ಆ ಹೊತ್ತಿಗೆ ಹೋಗಿ ಕೂರುತ್ತೇವೆ. ಉಪದೇಶ ಮಾಡಬಾರದು ಎಂಬುದೊಂದೇ ಕರಾರು. ಪತ್ರಿಕೆ ಓದುತ್ತೇವೆ, ಪುಸ್ತಕದ ಪಟ್ಟಿ ಮಾಡುತ್ತೇವೆ, ಕೆಲವೊಮ್ಮೆ ಸುಮ್ಮನೆ ಕೂತಿರುತ್ತೇವೆ. ಮಂಗಳವಾರ ನನ್ನ ಸರದಿ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಹೋದ ಮಂಗಳವಾರ ವಾಚನಾಲಯಕ್ಕೆ ಬೀಗ ಇತ್ತು. ಅವನ ಮನೆಗೆ ಹೋದೆ. ತಾಯಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಒಳಗಿನಿಂದ ವಾಸನೆ ಬರುತ್ತಿತ್ತು. ನಾಳೆ ಬರುತ್ತೇನೆಂದು ಹೇಳಿ ಬಂದೆ. ಬುಧವಾರ ಬೆಳಿಗ್ಗೆ ನಾನು ಹೋಗುವ ಮೊದಲೇ ಅವನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಕೀಲಿಯನ್ನು ಮುಂದಿಟ್ಟು, "ತಗೋರಿ ಸರ್, ನನ್ನಿಂದ ಆಗಂಗಿಲ್ಲ" ಎಂದ. ನಾನು ತೆಗೆದುಕೊಳ್ಳಲಿಲ್ಲ. ಇಬ್ಬರೂ ಬಸ್ಸು ಹತ್ತಿ ಜಿಲ್ಲಾಸ್ಪತ್ರೆಯ ವೈದ್ಯರ ಹತ್ತಿರ ಹೋಗಿ ಬಂದೆವು. ಗುರುವಾರ ಸಂಜೆ ವಾಚನಾಲಯ ತೆರೆದಿತ್ತು ಎಂದು ಸರದಿಯಲ್ಲಿದ್ದವರು ಫೋನ್ ಮಾಡಿ ಹೇಳಿದರು. ಇವತ್ತು ಮತ್ತೆ ಮಂಗಳವಾರ. ಐದೂವರೆ ಆಗಿದೆ, ನಾನು ಹೊರಡಬೇಕು.